ಹೆಬ್ಬೆಟ್ಟು ಒತ್ತುವ ಮುಂಚೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ಶಿಬಿರಕ್ಕೆ ಕರೆದವರು ಭೂಮಿಯ ಪ್ರಶ್ನೆ ಬಗ್ಗೆ ಮಾತಾಡಿ ಅಂದಿದ್ದರು. ಅದನ್ನು ನಾಳೆಗೆ ಇಟ್ಟುಕೊಂಡಿದ್ದೇವೆ. ಇವತ್ತು ಗಂಡ ಹೆಂಡಿರ ಬಿಡುಗಡೆ, ಮಕ್ಕಳು ಯಾರ ಹತ್ತಿರ ಇರಬೇಕು ಅನ್ನೋ ವಿಷಯ. ಮದುವೇನೇ ಆಗದ ಹುಡುಗರಿಗೆ ಇದ್ಯಾಕೆ ಅಂತ ಕೆಲವರು ನಗ್ತಾ ಇದ್ದೀರಿ. ಇಲ್ಲಿ ಕೂತಿರೋರಲ್ಲಿ ಎಷ್ಟು ಜನರ ಅಕ್ಕಂದಿರು ಮಗು ಎತ್ತಿಕೊಂಡು ತವರಿಗೆ ಬಂದು ಕೂತಿದ್ದಾರೆ? ಎಷ್ಟು ಜನ ಅಪ್ಪನ ರುಜು ಇಲ್ಲದೆ ಅರ್ಜಿ ತುಂಬಿ ಈ ಹಾಸ್ಟೆಲ್ಲಿಗೆ ಸೇರಿದ್ದೀರಿ? ಕೈ ಎತ್ತಬೇಕಾಗಿಲ್ಲ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮ ಪಕ್ಕದ ಊರಿನ ಕೇರಿಯಲ್ಲಿ ನ್ಯಾಯ ಸೇರಿತ್ತು. ಗಂಡ ಕುಡಿದು ಬಂದು ಹೊಡೀತಿದ್ದ. ಇಬ್ಬರು ಮಕ್ಕಳು, ಹುಡುಗನಿಗೆ ಏಳು ವರ್ಷ, ಹುಡುಗಿಗೆ ಮೂರು. ಯಜಮಾನರು ಛಾಪಾ ಕಾಗದ ತರಿಸಿ ಬಿಡುಗಡೆ ಪತ್ರ ಬರೆಸಿದರು. ಗಂಡು ಮಗು ಕುಲಕ್ಕೆ ಸೇರಿದ್ದು, ಅಪ್ಪನಿಗೆ. ಹೆಣ್ಣು ಮಗು ತಾಯಿಗೆ. ಇನ್ನು ಮುಂದೆ ಜೀವನಾಂಶ ಅಂತ ಯಾರೂ ಯಾರನ್ನೂ ಕೇಳಕೂಡದು. ಅವಳ ತಮ್ಮ ಬಿ.ಎ. ಓದೋನು, ಪಕ್ಕದಲ್ಲೇ ನಿಂತಿದ್ದ. ಹಿರಿಯರ ಎದುರು ಬಾಯಿ ಹಾಕಬಾರದು ಅಂತ ಸುಮ್ಮನಿದ್ದ. ಅವಳು ಹೆಬ್ಬೆಟ್ಟು ಒತ್ತಿದಳು. ಸಂಘಟನೆಯವರು ಅನ್ನಿಸಿಕೊಂಡ ನಾವೂ ಅಲ್ಲೇ ಇದ್ದೆವು. ಸದ್ಯ ಹೊಡೆತ ತಪ್ಪಿತಲ್ಲ ಅಂದುಕೊಂಡು ಟೀ ಕುಡಿದು ಎದ್ದು ಬಂದೆವು.

ಹದಿನೈದು ದಿನ ಕಳೆದ ಮೇಲೆ ಅವಳು ಹುಡುಗನನ್ನು ನೋಡಲು ಹೋದರೆ ಬಾಗಿಲಲ್ಲೇ ಅಟ್ಟಿದರು. ಆಗ ನಮಗೆ ಎಚ್ಚರ ಆಯಿತು. ಆ ಕಾಗದ ಹಿಡಿದುಕೊಂಡು ತಾಲ್ಲೂಕಿನ ಒಬ್ಬ ವಕೀಲರ ಹತ್ತಿರ ಹೋದೆವು. ಅವರೂ ನಮ್ಮ ಹಾಗೆ ಹಾಸ್ಟೆಲ್ಲಿನಲ್ಲಿ ಅನ್ನ ತಿಂದು ಬೆಳೆದವರೇ. ಕಾಗದವನ್ನು ಎರಡು ಸಲ ಓದಿ, "ಇದರಿಂದ ಮದುವೆ ಮುರಿದಿದೆ ಅಂತ ಧೈರ್ಯವಾಗಿ ಹೇಳಕ್ಕಾಗಲ್ಲ. ಮಗೂನಂತೂ ಇದರಲ್ಲಿ ಬರೆದು ಕೊಡಕ್ಕೇ ಬರಲ್ಲ" ಅಂದರು.

ಅದು ಹೇಗೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀವಿ. 1955ರ ಹಿಂದೂ ವಿವಾಹ ಕಾಯಿದೆಯ 29ನೇ ಕಲಮು ಜಾತಿಯ ರೂಢಿ ಪ್ರಕಾರ ಆಗುವ ಬಿಡುಗಡೆಯನ್ನು ಉಳಿಸಿಕೊಂಡಿದೆ. ಆದರೆ ಅಂಥ ರೂಢಿ ನಮ್ಮಲ್ಲಿ ಹಿಂದಿನಿಂದ ನಡೆದು ಬಂದಿದೆ ಅಂತ ಹೇಳುವವರೇ ಕೋರ್ಟಿನಲ್ಲಿ ರುಜುವಾತು ಮಾಡಬೇಕು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ರುಜುವಾತಾಗದಿದ್ದರೆ ಛಾಪಾ ಕಾಗದ ಬರೀ ಕಾಗದ. ನೋಟರಿ ಮೊಹರು ಒತ್ತಿದರೂ ಅಷ್ಟೆ. ಅದನ್ನ ನಂಬಿ ಅವಳು ಇನ್ನೊಂದು ಮದುವೆ ಆದರೆ ಆ ಮದುವೆಯೇ ಅಸಿಂಧು ಆಗುವ ಅಪಾಯ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಿಡುಗಡೆ, ಕೂಡಾವಳಿ ನಮ್ಮ ಕೇರಿಗಳಿಗೆ ಹೊಸದಲ್ಲ. ಮದುವೆ ಅಂದರೆ ಏಳು ಜನ್ಮದ ಗಂಟು ಅಂತ ಹೆಣ್ಣನ್ನು ಕಟ್ಟಿಹಾಕಿದ್ದು ಮೇಲಿನವರ ಧರ್ಮ. ಹಿಂದೂ ಕೋಡ್ ಬಿಲ್ಲಿಗೆ ಸಂಪ್ರದಾಯಸ್ಥರು ಅಡ್ಡ ನಿಂತಾಗ ಬಾಬಾಸಾಹೇಬರು ಕೊಟ್ಟ ವಾದಗಳಲ್ಲಿ ಇದೂ ಒಂದು. ಶೂದ್ರರಲ್ಲಿ ವಿಚ್ಛೇದನ ರೂಢಿಯಲ್ಲೇ ಇದೆ, ದೇಶದ ಬಹುಪಾಲು ಜನ ಅವರೇ, ಹಾಗಿರುವಾಗ ಕೆಲವರ ಪದ್ಧತಿ ಎಲ್ಲರ ಕಾನೂನು ಯಾಕಾಗಬೇಕು ಅಂತ ಕೇಳಿದರು. ಆ ಬಿಲ್ಲು ಕೈಬಿಟ್ಟಿದ್ದೂ ಒಂದು ಕಾರಣವಾಗಿ 1951ರಲ್ಲಿ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಹಾಗಂತ ನಮ್ಮ ರೂಢಿಯನ್ನು ತಲೆ ಮೇಲೆ ಹೊತ್ತು ಮೆರೆಸೋ ಹಾಗೂ ಇಲ್ಲ. ಹೆಣ್ಣನ್ನು ಬಿಟ್ಟುಕೊಟ್ಟ ಅದೇ ಯಜಮಾನಿಕೆ ಅವಳ ಗಂಡು ಮಗುವನ್ನು ಕುಲದ ಸೊತ್ತು ಅಂತ ಕಿತ್ತುಕೊಳ್ತದೆ. ಊರಿನ ಗೌಡನ ಜೀತ ಬಿಟ್ಟು ಬಂದ ನಾವು ನಮ್ಮ ಕಟ್ಟೆಯ ಗೌಡಿಕೆಯನ್ನು ಮಾತ್ರ ಹಿರಿಯರು ಅಂತ ಸಹಿಸಿಕೊಂಡಿದ್ದೇವೆ.

ಮಗುವಿನ ವಿಚಾರಕ್ಕೆ ಬರೋಣ. 1956ರ ಕಾಯಿದೆ ಎರಡು ಮಾತು ಹೇಳ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಮಗು ಎಷ್ಟೇ ದೊಡ್ಡದಾಗಿರಲಿ, ಅದರ ಹಿತವೇ ಎಲ್ಲಕ್ಕಿಂತ ಮೇಲು. ಅಪ್ಪ ಅಮ್ಮ ಏನೇ ಒಪ್ಪಂದ ಬರೆದುಕೊಂಡಿರಲಿ, ಮಗುವಿನ ಹಿತಕ್ಕೆ ವಿರುದ್ಧವಾಗಿದ್ದರೆ ಕೋರ್ಟು ಅದಕ್ಕೆ ಕಟ್ಟುಬೀಳಬೇಕಾಗಿಲ್ಲ. ತಾಯಿ ಕೂಲಿ ಮಾಡ್ತಾಳೆ, ಅವಳ ಕೈಲಿ ಏನಿದೆ ಅಂತ ಎದುರು ವಕೀಲರು ಕೇಳೇ ಕೇಳ್ತಾರೆ. ಬಡತನ ಒಂದೇ ಕಾರಣಕ್ಕೆ ತಾಯಿಯಿಂದ ಮಗು ಕಿತ್ತುಕೊಳ್ಳೋ ಹಾಗಿಲ್ಲ. ಅದಕ್ಕೇ ತಾನೇ ಅಪ್ಪನಿಂದ ಜೀವನಾಂಶ ಕೊಡಿಸೋದು.

ಕೋರ್ಟು ನೋಡೋದು ಮಗು ಎಲ್ಲಿ ನೆಮ್ಮದಿಯಾಗಿದೆ, ಶಾಲೆಗೆ ಹೋಗ್ತಾ ಇದೆಯಾ, ದಿನಾ ಉಣ್ಣಿಸಿ ಮಲಗಿಸೋರು ಯಾರು ಅನ್ನೋದನ್ನ. ನಮ್ಮ ಹುಡುಗ ಅಪ್ಪನ ಮನೆಗೆ ಹೋದ ಮೇಲೆ ಶಾಲೆಗೇ ಹೋಗಿರಲಿಲ್ಲ. ಮೇಷ್ಟರ ಹತ್ತಿರ ಹಾಜರಿ ಪುಸ್ತಕದ ನಕಲು ಇಸಕೊಂಡು ಬಾ ಅಂತ ವಕೀಲರು ಅವಳ ತಮ್ಮನಿಗೆ ಹೇಳಿದರು. ಆ ದಿವಸ ಬಾಯಿ ಬಿಡದೆ ನಿಂತಿದ್ದ ಹುಡುಗ ಮಾರನೇ ದಿನವೇ ತಂದ. ನಾವು ಮಾಡಿದ ಭಾಷಣಗಳಿಗಿಂತ ಆ ಒಂದು ಹಾಳೆ ಹೆಚ್ಚು ಕೆಲಸ ಮಾಡಿತು.

ಅರ್ಜಿ ಎಲ್ಲಿ ಹಾಕೋದು? ಹೆಂಗಸು ತಾನು ವಾಸ ಇರುವ ಕಡೆಯ ಕೋರ್ಟಿನಲ್ಲೇ ವಿಚ್ಛೇದನ ಕೇಳಬಹುದು. 2003ರ ತಿದ್ದುಪಡಿ ಈ ಅನುಕೂಲ ಮಾಡಿದೆ. ಗಂಡನ ಊರಿಗೆ ಅಲೆಯಬೇಕಾಗಿಲ್ಲ. ಕೌಟುಂಬಿಕ ನ್ಯಾಯಾಲಯ ಇದ್ದರೆ ಅಲ್ಲಿ, ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ. ಹೊಡೆತ ಬಡಿತದಂಥ ಕ್ರೌರ್ಯ, ಎರಡು ವರ್ಷ ಬಿಟ್ಟು ಹೋಗಿರುವುದು, ಇಂಥ ಕಾರಣಗಳನ್ನು ಸಾಕ್ಷಿ ಸಮೇತ ತೋರಿಸಬೇಕು. ಇಬ್ಬರೂ ಒಪ್ಪಿದರೆ ದಾರಿ ಹತ್ತಿರ. ಒಂದು ವರ್ಷ ಬೇರೆ ಇದ್ದು ಜಂಟಿ ಅರ್ಜಿ ಹಾಕಬೇಕು, ಆಮೇಲೆ ಆರು ತಿಂಗಳ ಕಾಯುವಿಕೆ. ಸಂದರ್ಭ ನೋಡಿ ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಪ್ಪಿಗೆ ಅರ್ಜಿಯಲ್ಲೇ ನಮ್ಮ ಹೆಣ್ಣುಮಕ್ಕಳು ಮೋಸ ಹೋಗೋದು ಜಾಸ್ತಿ. ಬೇಗ ಮುಗಿದರೆ ಸಾಕು ಅಂತ ಮಕ್ಕಳ ಜೀವನಾಂಶವನ್ನೂ ಬಿಟ್ಟು ಬರೆದುಕೊಡ್ತಾರೆ. ಅದು ಮಗುವಿನ ಹಕ್ಕು, ಬಿಟ್ಟುಕೊಡಕ್ಕೆ ತಾಯಿಗೂ ಅಧಿಕಾರ ಇಲ್ಲ.

ಕೇಸು ಮುಗಿಯೋಕೆ ವರ್ಷಗಳೇ ಹಿಡೀತವೆ, ಸುಳ್ಳು ಹೇಳೋದು ಬೇಡ. ವಾಯಿದೆ ಮೇಲೆ ವಾಯಿದೆ. ಕೂಲಿ ಬಿಟ್ಟು ಬಸ್ಸಿನ ದುಡ್ಡು ಹೊಂದಿಸಿಕೊಂಡು ಹೋದರೆ ಸಾಹೇಬರು ರಜೆ. ಆದ್ದರಿಂದ ಮಧ್ಯಂತರ ಅರ್ಜಿ ಮುಖ್ಯ. ಕೇಸು ನಡೀತಿರುವಾಗಲೇ ಜೀವನಾಂಶಕ್ಕೆ 24ನೇ ಕಲಮು, ಮಕ್ಕಳ ಪಾಲನೆಗೆ 26ನೇ ಕಲಮು. ಬರೀ ಜೀವನಾಂಶ ಬೇಕಾದರೆ ಜನ 125 ಅಂತ ಕರೆಯೋ ಹಳೇ ಕಲಮು ಇತ್ತಲ್ಲ, 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಿ ಜೀವನಾಂಶ ಕೊಡಿಸಬೇಕು, ಇಬ್ಬರೂ ತಮ್ಮ ವರಮಾನ ಆಸ್ತಿಯನ್ನು ಪ್ರಮಾಣ ಮಾಡಿ ಬರೆದುಕೊಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಗೊತ್ತು ಮಾಡಿದೆ. ಹೊಡೆತ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲೂ ಮಗುವಿನ ತಾತ್ಕಾಲಿಕ ಪಾಲನೆ ಕೇಳಬಹುದು.

ಬುದ್ಧ ಧಮ್ಮ ಸ್ವೀಕರಿಸಿದವರಿಗೂ ಹಿಂದೂ ವಿವಾಹ ಕಾಯಿದೆಯೇ ಅನ್ವಯ, ನಮಗೆ ಹಿಡಿಸಲಿ ಬಿಡಲಿ. ಕ್ರೈಸ್ತರಾದವರಿಗೆ 1869ರ ವಿಚ್ಛೇದನ ಕಾಯಿದೆ. ಪರಿಶಿಷ್ಟ ಪಂಗಡದ ಗೆಳೆಯರು ಗಮನಿಸಿ, ಕೇಂದ್ರ ಸರ್ಕಾರ ಬೇರೆ ಆದೇಶ ಹೊರಡಿಸದ ಹೊರತು ಈ ಕಾಯಿದೆ ನಿಮಗೆ ತಾಗೋದಿಲ್ಲ, ನಿಮ್ಮ ರೂಢಿಯೇ ಕಾನೂನು. ವಕೀಲರಿಗೆ ಮೊದಲೇ ಹೇಳಿ.

ವಕೀಲರ ಫೀಸು ಎಲ್ಲಿಂದ ತರೋದು ಅಂತ ಕೇಳ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಲ್ಲಿ ಎಲ್ಲ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ವರಮಾನ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರ್ತದೆ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. ಫೋನಾದರೆ 15100. ಹಾಗೆ ಕೊಟ್ಟ ವಕೀಲರು ದುಡ್ಡು ಕೇಳಿದರೆ ಸಮಿತಿಯ ಅಧ್ಯಕ್ಷರಾಗಿರುವ ನ್ಯಾಯಾಧೀಶರಿಗೇ ಬರೆದುಕೊಡಿ. ಅಕ್ಕನ ಕಡೆ ಮುಖ ಕೊಟ್ಟು ಮಾತಾಡದೆ ನಿಮ್ಮನ್ನೇ ನೋಡಿ ಇಂಗ್ಲಿಷಿನಲ್ಲಿ ಹೇಳೋ ವಕೀಲರೂ ಇದ್ದಾರೆ. ಕನ್ನಡದಲ್ಲಿ ಹೇಳಿ ಸಾರ್, ಅವಳಿಗೇ ಹೇಳಿ ಅನ್ನಿ. ಅರ್ಜಿಯನ್ನು ಮೊದಲಿಂದ ಕೊನೇವರೆಗೆ ಅವಳಿಗೆ ಓದಿ ಹೇಳಿ. ಏಟು ಬಿದ್ದ ದಿನ ತಪ್ಪಾಗಿದ್ದರೆ, ಮಗುವಿನ ವಯಸ್ಸು ತಪ್ಪಾಗಿದ್ದರೆ ಅವಳೇ ಹೇಳ್ತಾಳೆ. ಒಂದು ನಕಲು ಮನೇಲಿ ಇಟ್ಟುಕೊಳ್ಳಿ.

ಅಪ್ಪನಿಲ್ಲದೆ ಬೆಳೆದವರಿಗೆ ಇನ್ನೆರಡು ಮಾತು. ಅಪ್ಪ ಮಗುವಿನ ಜವಾಬ್ದಾರಿಯನ್ನೇ ಹೊರದಿದ್ದರೆ ಅವನು ಬದುಕಿದ್ದರೂ ತಾಯಿ ಸಹಜ ಪೋಷಕಿಯಾಗಬಹುದು ಅಂತ 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ತೀರ್ಮಾನ ಆಗಿದೆ. ಅಂತರ್ಜಾತಿ ಮದುವೆಯಲ್ಲಿ ತಾಯಿ ನಮ್ಮವಳಾಗಿದ್ದು, ಮಗು ಅವಳ ಜನರ ನಡುವೆ ಬೆಳೆದು ಅದೇ ಅವಮಾನ ಉಂಡಿದ್ದರೆ ತಾಯಿಯ ಜಾತಿಯನ್ನು ರುಜುವಾತು ಮಾಡಿಕೊಳ್ಳಲು ಅವಕಾಶ ಇದೆ ಅಂತ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜಾತಿ ಪತ್ರಕ್ಕೆ ಅಪ್ಪನನ್ನೇ ಕರಕೊಂಡು ಬಾ ಅಂತ ಹಿಂದಕ್ಕೆ ಕಳಿಸಿದರೆ ಈ ಮಾತನ್ನ ಎತ್ತಿ.

ನಮ್ಮ ಕೇಸು ಇನ್ನೂ ನಡೀತಾ ಇದೆ. ಹುಡುಗನನ್ನು ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿಕೊಂಡು ಒಬ್ಬನನ್ನೇ ಕೂರಿಸಿ ಮಾತಾಡಿಸಿದರು. ಏನು ಹೇಳಬೇಕು ಅಂತ ನಾವು ಯಾರೂ ಹೇಳಿಕೊಟ್ಟಿರಲಿಲ್ಲ, ವಕೀಲರು ಕಟ್ಟುನಿಟ್ಟಾಗಿ ಬೇಡ ಅಂದಿದ್ದರು. ಈಗ ಮಧ್ಯಂತರ ಆದೇಶದಂತೆ ಅವನು ತಾಯಿಯ ಹತ್ತಿರ ಇದ್ದಾನೆ. ಎರಡನೇ ಮತ್ತು ನಾಲ್ಕನೇ ಭಾನುವಾರ ಅಪ್ಪ ಬಂದು ನೋಡಬಹುದು. ಎರಡು ಸಲ ಬಂದ, ಆಮೇಲೆ ಬಂದಿಲ್ಲ. ಜೀವನಾಂಶ ಮೂರು ತಿಂಗಳದ್ದು ಬಾಕಿ, ವಸೂಲಿಗೆ ಅರ್ಜಿ ಹಾಕಿದ್ದೇವೆ.

ಆ ವಕೀಲರು ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಎಲ್ಲರ ಮುಂದೆ ಕೇಳಕ್ಕೆ ಆಗದವರು ಊಟದ ಹೊತ್ತಿನಲ್ಲಿ ಹತ್ತಿರ ಹೋಗಿ ಕೇಳಿ. ಮನೇಲಿ ಬಿಡುಗಡೆ ಪತ್ರ ಇದ್ದವರು ನಾಳೆ ತಂದು ತೋರಿಸಿ.