ಸಿಖ್ ಗುರುಗಳ ಬಗ್ಗೆ ನಾವು ಕೇಳಿಬಂದ ನಾಲ್ಕು ಸುಳ್ಳುಗಳು

(ವಿದ್ಯಾರ್ಥಿ ನಿಲಯವೊಂದರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ಹಾಸ್ಟೆಲುಗಳಲ್ಲಿ ರಾತ್ರಿ ಊಟ ಆದಮೇಲೆ ಒಬ್ಬ ಸರ್ದಾರ್ಜಿ ಜೋಕು ಹೇಳ್ತಾನೆ, ಹತ್ತು ಜನ ನಗ್ತಾರೆ. ಒಂದು ಇಡೀ ಜನಸಮುದಾಯವನ್ನ ದಡ್ಡರು ಅಂತ ಮಾಡಿ ನಗೋದು ಯಾರ ಅಭ್ಯಾಸ? ನಮ್ಮ ಕೇರಿಯ ಮಾತು, ನಮ್ಮ ಊಟ, ನಮ್ಮ ಅಪ್ಪ ಅವ್ವ ಇಟ್ಟ ಹೆಸರು ಹಿಡಿದು ನಕ್ಕವರ ಅಭ್ಯಾಸ ಅದು. ಅದನ್ನ ನಾವು ಕಲಿಯಬೇಕಾ?

1988ರಲ್ಲಿ ನಮ್ಮದೇ ಬೀದರಿನಲ್ಲಿ, ಓದಲಿಕ್ಕೆ ಬಂದಿದ್ದ ಸಿಖ್ ವಿದ್ಯಾರ್ಥಿಗಳನ್ನ ಕೊಂದರು. ಅವರೂ ನಮ್ಮ ಹಾಗೆ ಮನೆ ಬಿಟ್ಟು, ಪೆಟ್ಟಿಗೆ ಹೊತ್ತು, ಊರು ದಾಟಿ ಬಂದ ಹುಡುಗರು. ಜೋಕೇ ಕೊಲೆ ಮಾಡಿತು ಅಂತ ನಾವು ಹೇಳ್ತಾ ಇಲ್ಲ. ಆದರೆ ಒಂದು ಜನರ ಬಗ್ಗೆ ಬರೀ ಸುಳ್ಳುಗಳನ್ನೇ ಕೇಳಿಕೊಂಡು ಬೆಳೆದ ಊರಿನಲ್ಲಿ, ಕಲ್ಲು ಎತ್ತಿದವನ ಕೈ ಹಿಡಿಯೋರು ಕಡಿಮೆ ಆಗ್ತಾರೆ. ಅದಕ್ಕೇ ಇವತ್ತು ನಾಲ್ಕು ತಪ್ಪು ತಿಳುವಳಿಕೆಗಳನ್ನ ಒಂದೊಂದಾಗಿ ಬಿಚ್ಚಿ ನೋಡೋಣ.

ಮೊದಲನೆಯದು: 'ಸಿಖ್ ಧರ್ಮ ಅಂದರೆ ಕತ್ತಿ ಹಿಡಿದ ಹಿಂದೂ ಧರ್ಮ, ಅದು ಹುಟ್ಟಿದ್ದೇ ಮುಸಲ್ಮಾನರ ಮೇಲೆ ಯುದ್ಧಕ್ಕೆ.'

ಗುರು ನಾನಕರು ಹುಟ್ಟಿದ್ದು 1469ರಲ್ಲಿ, ತಲ್ವಂಡಿಯಲ್ಲಿ. ಇವತ್ತು ಅದು ಪಾಕಿಸ್ತಾನದ ನನ್ಕಾನಾ ಸಾಹಿಬ್. ಹುಡುಗನಾಗಿದ್ದಾಗಲೇ ಜನಿವಾರ ಬೇಡ ಅಂದರು ಅಂತ ಸಿಖ್ ಪರಂಪರೆ ಹೇಳುತ್ತೆ. ಅವರ ಜೊತೆ ಊರೂರು ತಿರುಗಿ ರಬಾಬ್ ನುಡಿಸಿದ ಮರ್ದಾನಾ ಮುಸಲ್ಮಾನ, ಹಾಡಿ ಬದುಕುವ ಮೀರಾಸಿ ಜಾತಿಯವನು. ಮುಂದೆ ಐದನೇ ಗುರು ಅರ್ಜನರನ್ನ 1606ರಲ್ಲಿ ಜಹಾಂಗೀರನ ಆಳ್ವಿಕೆ ಕೊಂದದ್ದು ನಿಜ. ಒಂಬತ್ತನೇ ಗುರು ತೇಗ್ ಬಹಾದ್ದೂರರ ತಲೆಯನ್ನ 1675ರಲ್ಲಿ ಔರಂಗಜೇಬನ ಆಳ್ವಿಕೆ ದೆಹಲಿಯಲ್ಲಿ ಕಡಿಸಿದ್ದೂ ನಿಜ. ಅದು ಸಿಂಹಾಸನದ ಕ್ರೌರ್ಯ. 1688ರಲ್ಲಿ ಭಂಗಾಣಿಯ ಕದನದಲ್ಲಿ ಹತ್ತನೇ ಗುರು ಗೋವಿಂದ ಸಿಂಗರ ಮೇಲೆ ಬಿದ್ದವರು ಯಾರು? ಬೆಟ್ಟದ ಸೀಮೆಯ ಹಿಂದೂ ರಾಜರು. ಗುರುವಿನ ಪರವಾಗಿ ಮಕ್ಕಳನ್ನೂ ಶಿಷ್ಯರನ್ನೂ ಕಟ್ಟಿಕೊಂಡು ಬಂದವರು ಯಾರು? ಪೀರ್ ಬುದ್ಧೂ ಶಾ ಎಂಬ ಸೂಫಿ. ಈ ಕತೆಯನ್ನ ಹಿಂದೂ-ಮುಸ್ಲಿಂ ಜಗಳಕ್ಕೆ ಬಳಸಿಕೊಳ್ಳೋರು ಇದನ್ನ ಮಾತ್ರ ಹೇಳೋದಿಲ್ಲ.

ಎರಡನೆಯದು: 'ಗ್ರಂಥ ಸಾಹಿಬ್ ಗುರುಗಳು ಬರೆದುಕೊಂಡ ಪುಸ್ತಕ, ವಿಗ್ರಹದ ಬದಲು ಅದಕ್ಕೆ ಪೂಜೆ ಮಾಡ್ತಾರೆ.'

1604ರಲ್ಲಿ ಗುರು ಅರ್ಜನರು ಆ ಗ್ರಂಥವನ್ನ ಮೊದಲು ಸಂಕಲನ ಮಾಡಿದರು. ಇವತ್ತು ಅಚ್ಚಾಗುವ ಪ್ರತಿಯಲ್ಲಿ 1430 ಪುಟ. ಅದರಲ್ಲಿ ಗುರುಗಳ ಹಾಡುಗಳ ಜೊತೆಗೆ ಬೇರೆಯವರ ಹಾಡುಗಳೂ ಇವೆ. ನೇಕಾರ ಕಬೀರ, ಸಿಂಪಿಗ ನಾಮದೇವ, ಕ್ಷೌರಿಕ ಸೇನ, ಕಟುಕ ಸಧನಾ, ಸೂಫಿ ಶೇಖ್ ಫರೀದ್, ಮತ್ತೆ ನಮ್ಮವನು, ಚರ್ಮದ ಕೆಲಸದ ರವಿದಾಸ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿರಿ ಅಂತ ಧರ್ಮಶಾಸ್ತ್ರ ಬರೆದಿಟ್ಟ ದೇಶ ಇದು. ಅಂಥ ದೇಶದಲ್ಲಿ ಚಮ್ಮಾರನ ಮಾತು ಧರ್ಮಗ್ರಂಥ ಆಯಿತು. 1708ರಲ್ಲಿ ನಾಂದೇಡಿನಲ್ಲಿ ಸಾಯುವ ಮುಂಚೆ ಗುರು ಗೋವಿಂದ ಸಿಂಗರು, ಇನ್ನು ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಅಂದರು. ಅಲ್ಲಿ ತಲೆ ಬಾಗೋದು ಮಾತಿಗೆ. ಜಮೀನ್ದಾರ ಬಾಗಿದರೂ ರವಿದಾಸನ ಮಾತಿಗೂ ಸೇರಿಸಿಯೇ ಬಾಗಬೇಕು.

ಮೂರನೆಯದು: 'ಅದು ಪಂಜಾಬಿನವರದು, ನಮಗೇನು?'

1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದರು. ಯಾರು ತಲೆ ಕೊಡ್ತೀರಿ ಅಂತ ಕೇಳಿದಾಗ ಐದು ಜನ ಎದ್ದು ಬಂದರು ಅಂತ ಪರಂಪರೆ. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವನು, ದ್ವಾರಕೆಯ ಸಿಂಪಿಗ. ಐದನೆಯವನು ನಮ್ಮ ಬೀದರಿನ ಕ್ಷೌರಿಕ, ಸಾಹಿಬ್ ಸಿಂಗ್. ಐವರೂ ಒಂದೇ ಬಟ್ಟಲಿನ ನೀರು ಕುಡಿದರು. ಆಮೇಲೆ ಗುರು ಆ ಐವರ ಮುಂದೆ ಕೈಯೊಡ್ಡಿ, ನನಗೂ ಕೊಡಿ ಅಂದರು. ಕ್ಷೌರಿಕನ ಕೈಯಿಂದ ಗುರು ದೀಕ್ಷೆ ತಗೊಂಡ ಅಂದರೆ ಏನರ್ಥ ಅಂತ, ಊರ ಬಾವಿಯಿಂದ ದೂರ ನಿಂತವರ ಮಕ್ಕಳಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು: 'ಸಿಖ್ಖರಲ್ಲಿ ಜಾತಿಯೇ ಇಲ್ಲ.'

ಗೆಳೆಯರೆ, ಈ ಸುಳ್ಳು ಕೇಳಲಿಕ್ಕೆ ಬಹಳ ಸಿಹಿ. ಅದಕ್ಕೇ ಇದರ ಹತ್ತಿರ ಹುಷಾರಾಗಿರಬೇಕು. ಗುರುಗಳು ಜಾತಿ ಬೇಡ ಅಂದದ್ದು ನಿಜ. ಲಂಗರ್‌ನಲ್ಲಿ ಎಲ್ಲರೂ ಒಂದೇ ಪಂಕ್ತಿ. ಪಂಕ್ತಿಭೇದ ಅಂದರೆ ಏನು ಅಂತ ನಮ್ಮ ಸೀಮೆಯ ದೇವಸ್ಥಾನಗಳ ಮುಂದೆ ಕಾದವರಿಗೆ ಆ ಒಂದು ಪಂಕ್ತಿಯ ಬೆಲೆ ಗೊತ್ತು. ತೇಗ್ ಬಹಾದ್ದೂರರ ಕಡಿದ ತಲೆಯನ್ನ ದೆಹಲಿಯಿಂದ ಆನಂದಪುರಕ್ಕೆ ಹೊತ್ತು ತಂದವನು ಭಾಯಿ ಜೈತಾ, ಅಸ್ಪೃಶ್ಯ ಜಾತಿಯವನು. ಗುರು ಅವನನ್ನ ಅಪ್ಪಿಕೊಂಡು, ನೀವು ನನ್ನ ಮಕ್ಕಳು ಅಂದರು ಅಂತ ಹೇಳ್ತಾರೆ.

ಆದರೆ ಆ ಮಕ್ಕಳಿಗೆ ಆಮೇಲೆ ಏನಾಯಿತು? 1920ರ ಅಕ್ಟೋಬರಿನಲ್ಲಿ ದಲಿತ ಸಿಖ್ಖರು ಅಮೃತಸರದ ಸ್ವರ್ಣಮಂದಿರಕ್ಕೆ ಪ್ರಸಾದ ಒಯ್ದರೆ ಪೂಜಾರಿಗಳು ಮುಟ್ಟಲಿಲ್ಲ. ಗ್ರಂಥ ತೆರೆದು ಓದಿಸಿದಾಗ ಅದು ದಲಿತರ ಪರವಾಗಿ ನುಡಿಯಿತು, ಆಮೇಲೆ ತೆಗೆದುಕೊಂಡರು. ಗುರುದ್ವಾರಗಳನ್ನ ಮಹಂತರ ಕೈಯಿಂದ ಬಿಡಿಸಿದ ದೊಡ್ಡ ಚಳವಳಿಗೆ ಆ ದಿನ ಬಲ ಬಂತು. 1950ರ ಪರಿಶಿಷ್ಟ ಜಾತಿ ಆದೇಶ ಸಿಖ್ಖರಲ್ಲಿ ನಾಲ್ಕು ಜಾತಿಗಳನ್ನ ಮಾತ್ರ ಸೇರಿಸಿತು, ಉಳಿದವರು 1956ರಲ್ಲಿ ಸೇರಿದರು. ಜಾತಿಯೇ ಇಲ್ಲದಿದ್ದರೆ ಈ ಪಟ್ಟಿ ಯಾಕೆ ಬೇಕಾಗಿತ್ತು? 2011ರ ಜನಗಣತಿಯಲ್ಲಿ ಪಂಜಾಬಿನ ನೂರಕ್ಕೆ 31.9 ಜನ ಪರಿಶಿಷ್ಟ ಜಾತಿಯವರು. ಬೇರೆ ಯಾವ ರಾಜ್ಯದಲ್ಲೂ ಇಷ್ಟು ಇರಲಿಲ್ಲ. ಜಮೀನು ಮಾತ್ರ ಬಹುಪಾಲು ಜಾಟರದು. ಎಷ್ಟೋ ಹಳ್ಳಿಗಳಲ್ಲಿ ಗುರುದ್ವಾರ ಬೇರೆ, ಸುಡುಗಾಡೂ ಬೇರೆ. 2003ರಲ್ಲಿ ಜಲಂಧರ್ ಹತ್ತಿರದ ತಲ್ಹಣ್ ಹಳ್ಳಿಯಲ್ಲಿ, ಪೂಜಾಸ್ಥಳದ ಆಡಳಿತದಲ್ಲಿ ಪಾಲು ಕೇಳಿದ ದಲಿತರಿಗೆ ಬಹಿಷ್ಕಾರ ಹಾಕಿದರು.

ಹಾಗಾದರೆ ಗುರುಗಳು ಹೇಳಿದ್ದು ಸುಳ್ಳಾ? ಅಲ್ಲ. ಅದೇ ಬೀದರ್ ಜಿಲ್ಲೆಯ ಕಲ್ಯಾಣವನ್ನ ನೆನೆಯಿರಿ. ಶರಣರು ಜಾತಿ ಮುರಿದರು, ಮಠಗಳಲ್ಲಿ ಜಾತಿ ಮತ್ತೆ ಹೊಕ್ಕಿತು. ಹಾಗಂತ ಶರಣರ ಮಾತನ್ನ ನಾವು ಬಿಟ್ಟುಕೊಟ್ಟಿಲ್ಲ. ಗುರುವಿನ ಮಾತು ಬೇರೆ, ಗುರುವಿನ ಹೆಸರಲ್ಲಿ ಜಮೀನು ಹಿಡಿದು ಕೂತವನ ಮಾತು ಬೇರೆ. 1920ರಲ್ಲಿ ಅಮೃತಸರದ ದಲಿತರು ಮೊದಲನೆಯದನ್ನ ಹಿಡಿದು ಎರಡನೆಯದನ್ನ ಪ್ರಶ್ನೆ ಮಾಡಿದರು.

ಬಾಬಾಸಾಹೇಬರೂ 1936ರಲ್ಲಿ ಅಮೃತಸರಕ್ಕೆ ಹೋಗಿ ಸಿಖ್ಖರ ಸಮ್ಮೇಳನದಲ್ಲಿ ಕೂತು ನೋಡಿ ಬಂದರು. ಕೊನೆಗೆ 1956ರಲ್ಲಿ ನಾಗಪುರದಲ್ಲಿ ಬುದ್ಧನ ದಾರಿ ಹಿಡಿದರು. ನಡುವೆ ಇಪ್ಪತ್ತು ವರ್ಷ. ಓದಿದರು, ತೂಗಿದರು, ಆಮೇಲೆ ಹೆಜ್ಜೆ ಇಟ್ಟರು. ಒಂದು ಧರ್ಮವನ್ನ ಹೊಗಳೋಕೂ ತೆಗಳೋಕೂ ಮುಂಚೆ ನಾವು ಮಾಡಬೇಕಾದ್ದು ಅಷ್ಟೇ. ಅಲ್ಲಿ ನೀರು ಯಾರ ಕೈಯಲ್ಲಿದೆ, ಭೂಮಿ ಯಾರ ಕೈಯಲ್ಲಿದೆ, ಸತ್ತವರನ್ನ ಎಲ್ಲಿ ಸುಡ್ತಾರೆ, ಇದನ್ನ ಕೇಳಬೇಕು.

ಮುಂದಿನ ಸಲ ಯಾರಾದರೂ ಸರ್ದಾರ್ಜಿ ಜೋಕು ತೆಗೆದರೆ, ಬೀದರಿನ ಸಾಹಿಬ್ ಸಿಂಗ್ ಯಾರು ಗೊತ್ತಾ ಅಂತ ಕೇಳಿ. ಭಾಯಿ ಜೈತಾ ಯಾರು ಅಂತ ಕೇಳಿ. ಗೊತ್ತಿಲ್ಲ ಅಂದರೆ ಕೂರಿಸಿ ಹೇಳಿ.

ಜೈ ಭೀಮ್.