ಧೂಳಿನ ರೋಗ ಮತ್ತು ದುಡಿದವರ ಹಕ್ಕು

(ಗುಡೂರಿನಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣ ಸಂಘದ ಸಭೆಯಲ್ಲಿ ಪರೀಕ್ಷೆ, ವಿದ್ಯಾರ್ಥಿವೇತನ, ಮುಂದಿನ ಕೋರ್ಸು ಇವುಗಳ ಬಗ್ಗೆ ಮಾತನಾಡುವುದು ರೂಢಿ. ಇಂದು ನಾನು ಆರಿಸಿಕೊಂಡ ವಿಷಯ ಬೇರೆ. ಕಲ್ಲಿನ ಧೂಳು ಮತ್ತು ಕಲ್ನಾರಿನ ಧೂಳಿನಿಂದ ಬರುವ ರೋಗಗಳು, ಅವುಗಳಿಗೆ ಕಾನೂನಿನಲ್ಲಿರುವ ಪರಿಹಾರ. ಇದಕ್ಕೂ ಶಿಕ್ಷಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪರಿಹಾರ ಸಿಗುವುದು ಕಾಗದಪತ್ರದ ಮೇಲೆ. ದುಡಿದ ಅನೇಕರಿಗೆ ಆ ಕಾಗದ ಓದಲು ಬರುವುದಿಲ್ಲ. ಓದಬಲ್ಲವರು ನೀವು, ಅವರ ಮಕ್ಕಳು. ಸಂಬಂಧ ಇರುವುದು ಇಲ್ಲಿಯೇ.

ನಮ್ಮದು ಕಲ್ಲಿನ ಸೀಮೆ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶದ ಕಟ್ಟಡಗಳಿಗೆ ಹೋಗಿದೆ. ಬಾದಾಮಿಯ ಮರಳುಗಲ್ಲಿನಲ್ಲಿ ಚಾಲುಕ್ಯರು ಗುಹೆಗಳನ್ನು ಕೊರೆದರು. ಈ ಎರಡೂ ಕಲ್ಲುಗಳಲ್ಲಿ ಸಿಲಿಕಾ ಎಂಬ ಪದಾರ್ಥ ಹೇರಳವಾಗಿದೆ. ಕ್ವಾರಿಯಲ್ಲಿ ಕೊರೆಯುವಾಗ, ಫ್ಯಾಕ್ಟರಿಯಲ್ಲಿ ಕತ್ತರಿಸುವಾಗ, ಕ್ರಷರಿನಲ್ಲಿ ಜಲ್ಲಿ ಒಡೆಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣ ಅಷ್ಟು ಅಪಾಯಕಾರಿಯಲ್ಲ, ಅದು ಮೂಗು, ಗಂಟಲಿನಲ್ಲಿ ನಿಲ್ಲುತ್ತದೆ. ಕಾಣದಷ್ಟು ಸಣ್ಣ ಕಣ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ಲು ಅದನ್ನು ತಡೆಯುವುದಿಲ್ಲ. ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು, ಇಪ್ಪತ್ತು ವರ್ಷ ದುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಧೂಳು ಬಹಳ ಇದ್ದರೆ ಕೆಲವೇ ವರ್ಷಗಳಲ್ಲಿ ಬರುತ್ತದೆ. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇದರ ಅಣ್ಣ. ಮನೆಯ ಮೇಲೆ ಹಾಕುವ ಸಿಮೆಂಟ್ ಶೀಟು, ಹಳೆಯ ಪೈಪು, ಬಾಯ್ಲರಿನ ಹೊದಿಕೆ, ಗಾಡಿಗಳ ಹಳೆಯ ಬ್ರೇಕ್ ಲೈನರ್ ಇವುಗಳಲ್ಲಿ ಅದು ಇದೆ. ಶೀಟು ಸುಮ್ಮನೆ ಮೇಲೆ ಇದ್ದಾಗ ಅಪಾಯ ಕಡಿಮೆ. ಕತ್ತರಿಸಿದಾಗ, ಕೊರೆದಾಗ, ಒಡೆದಾಗ ಅದರ ಎಳೆಗಳು ಗಾಳಿಗೆ ಸೇರುತ್ತವೆ. ಅದರಿಂದ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮತ್ತು ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಬರುತ್ತವೆ. ಈ ಕ್ಯಾನ್ಸರ್ ಬರಲು ಇಪ್ಪತ್ತರಿಂದ ನಲವತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಸಿಲಿಕಾ ಧೂಳೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಘೋಷಿಸಿತು.

ಕಾನೂನಿನ ತೊಡಕು ಇಲ್ಲಿಂದಲೇ ಆರಂಭ. ಕೈ ಮುರಿದರೆ ಆ ದಿನ, ಆ ಜಾಗ, ಆ ಮಾಲೀಕ ಎಲ್ಲವೂ ಗೊತ್ತು. ಧೂಳಿನ ರೋಗ ಕಾಣುವ ಹೊತ್ತಿಗೆ ಕ್ವಾರಿ ಮುಚ್ಚಿರುತ್ತದೆ, ಮುಕಾದಮ ಊರು ಬಿಟ್ಟಿರುತ್ತಾನೆ, ಹಾಜರಿ ಪುಸ್ತಕ ಗೆದ್ದಲು ತಿಂದಿರುತ್ತದೆ. ಅಮೆರಿಕದಲ್ಲಿ ಜಾನ್ಸ್ ಮ್ಯಾನ್‌ವಿಲ್ ಎಂಬ ದೊಡ್ಡ ಕಲ್ನಾರು ಕಂಪನಿ ಕಾರ್ಮಿಕರ ದಾವೆಗಳ ಭಾರಕ್ಕೆ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ರೋಗಿಗಳಿಗಾಗಿ ಪ್ರತ್ಯೇಕ ನಿಧಿಯನ್ನೇ ಮಾಡಬೇಕಾಯಿತು.

ನಮ್ಮ ದೇಶದಲ್ಲಿಯೂ ಹಕ್ಕು ಇದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಮೊಕದ್ದಮೆಯಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಕಾರ್ಮಿಕನ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಕಲ್ನಾರು ಕಾರ್ಖಾನೆಗಳು ಪ್ರತಿಯೊಬ್ಬನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆಜ್ಞಾಪಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೋಗ ಇದೆಯೆಂದು ದೃಢಪಡಿಸಿದವರಿಗೆ ತಲಾ ಒಂದು ಲಕ್ಷ ರೂಪಾಯಿ ಕೊಡಿಸಿತು. 2016ರ ಮೇ ತಿಂಗಳಲ್ಲಿ ಅದೇ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ, ಗುಜರಾತಿನ ಕಲ್ಲು ಪುಡಿಮಾಡುವ ಘಟಕಗಳಲ್ಲಿ ದುಡಿದು ಸಿಲಿಕೋಸಿಸ್‌ನಿಂದ ಸತ್ತ 238 ಜನರ ಕುಟುಂಬಗಳಿಗೆ ತಲಾ ಮೂರು ಲಕ್ಷ ಕೊಡಲು ಆ ಸರ್ಕಾರಕ್ಕೆ ಹೇಳಿತು. ಸತ್ತವರು ಮಧ್ಯಪ್ರದೇಶದಿಂದ ದುಡಿಯಲು ಹೋಗಿದ್ದ ಬಡ ಆದಿವಾಸಿಗಳು. ದುಡಿಯಲು ಗೋವಾ, ಮಹಾರಾಷ್ಟ್ರಕ್ಕೆ ಹೋಗುವ ನಮ್ಮವರೂ ಇದನ್ನು ನೆನಪಿಡಬೇಕು.

ಕರ್ನಾಟಕಕ್ಕೆ ಈ ರೋಗ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ ಹತ್ತು ಕಾರ್ಮಿಕರಲ್ಲಿ ನಾಲ್ವರಿಗಿಂತ ಹೆಚ್ಚು ಜನರಿಗೆ ಸಿಲಿಕೋಸಿಸ್ ಕಂಡುಬಂದಿತ್ತು.

ಈಗ ಕಾಯಿದೆಯ ಮಾತು. 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇತ್ತು. ಸಿಲಿಕೋಸಿಸ್, ಆಸ್‌ಬೆಸ್ಟೋಸಿಸ್, ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೊಥೆಲಿಯೋಮಾ ಎಲ್ಲವೂ ಅದರಲ್ಲಿದ್ದವು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ 2020 ಬಂದಿದೆ. ಅದರ ಮೂರನೆಯ ಅನುಸೂಚಿಯಲ್ಲಿಯೂ ಔದ್ಯೋಗಿಕ ರೋಗಗಳ ಪಟ್ಟಿ ಇದೆ. ಇ.ಎಸ್.ಐ. ಇದ್ದವರು ಅಲ್ಲಿಂದ ಪಡೆಯಬೇಕು. ಇಲ್ಲದವರಿಗೆ ಮಾಲೀಕ ಕೊಡಬೇಕು.

ಮೊತ್ತದ ಲೆಕ್ಕ ಕೇಳಿರಿ. ಪೂರ್ತಿ ದುಡಿಯಲಾಗದ ಸ್ಥಿತಿಗೆ ತಿಂಗಳ ಪಗಾರದ ನೂರಕ್ಕೆ 60, ಮರಣಕ್ಕೆ ನೂರಕ್ಕೆ 50. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 40 ವರ್ಷದವನಿಗೆ ಆ ಅಂಕಿ 184.17. ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿಯನ್ನು 2020ರ ಜನವರಿಯ ಅಧಿಸೂಚನೆ 15,000 ರೂಪಾಯಿಗೆ ಏರಿಸಿತು. ಆ ಮಿತಿಯ ಪ್ರಕಾರ 9,000 ಗುಣಿಸು 184.17, ಒಟ್ಟು 16,57,530 ರೂಪಾಯಿ. ಇಷ್ಟು ಹಕ್ಕಿರುವಲ್ಲಿ ಹತ್ತಿಪ್ಪತ್ತು ಸಾವಿರ ಕೈಗಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ನಷ್ಟ ಯಾರದು? ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಮರಣದ ಪರಿಹಾರವನ್ನು ಮಾಲೀಕ ನೇರವಾಗಿ ಮನೆಯವರ ಕೈಗೆ ಕೊಟ್ಟು ಮುಗಿಸುವಂತಿಲ್ಲ, ಅಧಿಕಾರಿಯಲ್ಲಿ ಠೇವಣಿ ಇಡಬೇಕು. ಇದನ್ನು ಮನೆಮನೆಗೂ ತಿಳಿಸಿರಿ.

“ನಾನು ನಾಲ್ಕು ಕ್ವಾರಿಯಲ್ಲಿ ದುಡಿದೀನಿ, ಯಾರನ್ನು ಕೇಳಲಿ?” ಎಂಬ ಪ್ರಶ್ನೆಗೂ ಉತ್ತರ ಇದೆ. ಸಿಲಿಕೋಸಿಸ್‌ನಂಥ ರೋಗಗಳಲ್ಲಿ ಹಲವು ಮಾಲೀಕರ ನಡುವೆ ಪಾಲು ಹಂಚುವ ಅಧಿಕಾರವನ್ನು ಕಾಯಿದೆ ಕೊಟ್ಟಿತ್ತು. ಗುತ್ತಿಗೆದಾರನ ಕೈಕೆಳಗೆ ದುಡಿದಿದ್ದರೆ ಮೂಲ ಮಾಲೀಕನನ್ನೂ ಕೇಳಬಹುದು.

ವಿದ್ಯಾರ್ಥಿಗಳೇ, ನಿಮ್ಮ ಕೆಲಸ ಇಲ್ಲಿದೆ. ಮೊದಲನೆಯದು, ಮನೆಯಲ್ಲಿ ಕಲ್ಲಿನ ಕೆಲಸ ಮಾಡಿದವರ ದುಡಿಮೆಯ ಚರಿತ್ರೆ ಬರೆಯಿರಿ. ಯಾವ ಇಸವಿಯಿಂದ ಯಾವ ಇಸವಿವರೆಗೆ, ಯಾವ ಕ್ವಾರಿ, ಯಾರ ಕೈಕೆಳಗೆ, ಏನು ಕೆಲಸ, ಜೊತೆಗೆ ದುಡಿದವರು ಯಾರು. ಜೊತೆಗಾರರ ಸಾಕ್ಷ್ಯವೂ ಪುರಾವೆಯೇ. ಎರಡನೆಯದು, ಪಗಾರದ ಚೀಟಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹಳೆಯ ಎಕ್ಸ್‌ರೇ ಯಾವುದನ್ನೂ ಎಸೆಯಬೇಡಿರಿ. ಮೂರನೆಯದು, ಡಾಕ್ಟರ ಮುಂದೆ ಕೂತಾಗ “ಕೆಮ್ಮು, ದಮ್ಮು” ಎಂದಷ್ಟೇ ಹೇಳದೆ “ಇಷ್ಟು ವರ್ಷ ಕಲ್ಲು ಕೊರೆದಿದ್ದಾರೆ” ಎಂದು ಹೇಳಿ ಚೀಟಿಯಲ್ಲಿ ಬರೆಸಿರಿ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣಬಹುದು, ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಕೆಲಸದ ಮಾತು ಬರೆಯದಿದ್ದರೆ ಟಿ.ಬಿ. ಗುಳಿಗೆಯಲ್ಲಿಯೇ ವರ್ಷಗಳು ಕಳೆಯುತ್ತವೆ, ಕೇಸು ಅಲ್ಲಿಯೇ ಬಿದ್ದುಹೋಗುತ್ತದೆ.

ನಾಲ್ಕನೆಯದು, ತಡಮಾಡಬೇಡಿರಿ. ಹಳೆಯ ಕಾಯಿದೆಯಲ್ಲಿ ಅರ್ಜಿಗೆ ಎರಡು ವರ್ಷದ ಗಡುವು ಇತ್ತು. ತಕ್ಕ ಕಾರಣವಿದ್ದರೆ ಮಾತ್ರ ತಡವನ್ನು ಮನ್ನಿಸುತ್ತಿದ್ದರು. ರೋಗ ಗೊತ್ತಾದ ಕೂಡಲೇ ಮಾಲೀಕರಿಗೆ ಲಿಖಿತ ನೋಟಿಸು ಕೊಟ್ಟು, ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ. 1987ರ ಕಾಯಿದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರು ಉಚಿತ. ಅರ್ಜಿ ಯಾರ ಮುಂದೆ, ಯಾವ ನಮೂನೆಯಲ್ಲಿ ಎಂಬುದನ್ನು ಅವರೇ ಹೇಳುತ್ತಾರೆ. 15100 ನಂಬರಿಗೆ ಫೋನು ಮಾಡಿದರೂ ಮಾಹಿತಿ ಸಿಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ನಾನು ಕಲ್ಲಿನ ಉದ್ಯೋಗದ ವಿರೋಧಿಯಲ್ಲ. ಅದರಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ನೀರು ಹಾಯಿಸುತ್ತಾ ಕೊರೆದರೆ ಧೂಳು ಬಹಳ ಮಟ್ಟಿಗೆ ತಗ್ಗುತ್ತದೆ. ಸರಿಯಾದ ಮಾಸ್ಕು, ಕಾಲಕಾಲಕ್ಕೆ ತಪಾಸಣೆ, ಇವಿಷ್ಟಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಪರಿಹಾರ ಕೊಡಬೇಕಾದ ಭಯ ಇದ್ದಾಗಲೇ ಮಾಲೀಕ ಆ ಖರ್ಚು ಮಾಡುತ್ತಾನೆ. ಹಾಗಾಗಿ ಒಬ್ಬ ರೋಗಿಯ ಕೇಸು ಅವನೊಬ್ಬನದೇ ಅಲ್ಲ, ನಾಳೆ ಅದೇ ಕ್ವಾರಿಗೆ ಹೋಗುವ ಹುಡುಗನದೂ ಹೌದು.

ಸಂಘಕ್ಕೆ ನನ್ನದೊಂದು ವಿನಂತಿ. ವರ್ಷಕ್ಕೊಂದು ದಿನ ಇಲ್ಲಿಯೇ ಟೇಬಲ್ಲು ಹಾಕಿ, ಎಸ್.ಎಸ್.ಎಲ್.ಸಿ. ದಾಟಿದ ಹುಡುಗ ಹುಡುಗಿಯರನ್ನು ಕೂರಿಸಿ, ಜಾತಿ ಮತ ನೋಡದೆ ಬಂದ ಎಲ್ಲ ಕಾರ್ಮಿಕರ ದುಡಿಮೆಯ ಚರಿತ್ರೆ ಬರೆಸಿರಿ. ಒಂದು ಪ್ರತಿ ಅವರಿಗೆ, ಒಂದು ಪ್ರತಿ ಸಂಘದ ಕಪಾಟಿಗೆ. ಮಾಲೀಕರ ಹಾಜರಿ ಪುಸ್ತಕ ಕಳೆದರೂ ನಮ್ಮ ಪುಸ್ತಕ ಉಳಿಯಲಿ. ಅಕ್ಷರ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ.