ಹೋದ ವರ್ಷ ನಾನು ಓದಿದ್ದು



ಪಾಠದ ಪುಸ್ತಕ ಮುಗಿಯಿತು, ಇನ್ನು ಏನು ಓದೋದು ಅಂತ ನೀವು ಕೇಳ್ತೀರಿ. ಹೋದ ವರ್ಷ ನಾನು ನನಗಾಗಿ ಏನೇನು ಓದಿದೆ ಅಂತ ಹೇಳ್ತೀನಿ, ಕೇಳಿ.

ಬಹಳ ಓದಲಿಲ್ಲ. ಹಗಲೆಲ್ಲ ಕೇಂದ್ರಗಳಿಗೆ ಓಡಾಟ. ರಾತ್ರಿ ಊಟ ಆದ ಮೇಲೆ ನಾಲ್ಕೈದು ಪುಟ, ಅಷ್ಟೇ. ಒಂದು ದಪ್ಪ ಕಾದಂಬರಿ ಅರ್ಧಕ್ಕೆ ಬಿಟ್ಟೆ. ರುಚಿಸಲಿಲ್ಲ. ನಮಗೇನು ಪರೀಕ್ಷೆ ಇದೆಯೇ?

ಮಳೆಗಾಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದೆ. 1980ರಲ್ಲಿ ಬಂದ ಕಾದಂಬರಿ. ಕರ್ವಾಲೊ ದೊಡ್ಡ ವಿಜ್ಞಾನಿ. ಹಾರುವ ಓತಿಯನ್ನು ಹುಡುಕಿಕೊಂಡು ಮಲೆನಾಡಿನ ಕಾಡಿಗೆ ಹೋಗ್ತಾರೆ. ನಮ್ಮ ಹೊಲದ ಬೇಲಿ ಮೇಲೆ ತಲೆ ಆಡಿಸುತ್ತಾ ಕೂತಿರುತ್ತದಲ್ಲ ಓತಿಕ್ಯಾತ, ಅಂಥದ್ದೇ. ಆದರೆ ಇದು ಹಾರುತ್ತದೆ! ಅದನ್ನು ಮೊದಲು ಕಂಡವನು ಯಾರು? ಮಂದಣ್ಣ. ಹಳ್ಳಿಯವನು, ಜೇನು ಹಿಡಿಯುವವನು. ಅಷ್ಟು ಓದಿದ ವಿಜ್ಞಾನಿ ಮಂದಣ್ಣನ ಮಾತನ್ನು ಗಮನ ಕೊಟ್ಟು ಕೇಳ್ತಾರೆ. ‘ನಮಗೇನು ಗೊತ್ತು, ನಾವು ಹೆಬ್ಬೆಟ್ಟು’ ಅಂತ ನೀವು ಅಂದಾಗೆಲ್ಲ ನನಗೆ ಮಂದಣ್ಣ ನೆನಪಾಗ್ತಾನೆ.

ಆಮೇಲೆ ಕುಂ. ವೀರಭದ್ರಪ್ಪ. ಊರು ಕೊಟ್ಟೂರು. ಆಂಧ್ರದ ಹಳ್ಳಿ ಶಾಲೆಗಳಲ್ಲಿ ಬಹಳ ವರ್ಷ ಮೇಷ್ಟ್ರಾಗಿದ್ದರು. ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ದಪ್ಪ ಪುಸ್ತಕ, ನಿಮಗೆ ಈಗಲೇ ಬೇಡ. ‘ಕೊಟ್ರೇಶಿ ಕನಸು’ ಓದಿ. ಒಬ್ಬ ದಲಿತ ಹುಡುಗ ಏಳನೇ ಕ್ಲಾಸು ಪಾಸಾಗಿ ಹೈಸ್ಕೂಲು ಸೇರಬೇಕು ಅಂತಾನೆ. ಊರು ಸುಮ್ಮನೆ ಬಿಟ್ಟೀತೇ? ಇದು ಸಿನಿಮಾ ಕೂಡ ಆಗಿದೆ.

ಅವರ ಪುಸ್ತಕದಲ್ಲಿರೋದು ಬಳ್ಳಾರಿ ಸೀಮೆಯ ಮಾತು. ಅಂದ್ರೆ ನಮ್ಮ ಮಾತೇ. ನಮ್ಮ ಆದೋನಿ, ಆಲೂರು ಮೊದಲು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯಿತು. ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಆಂಧ್ರದಲ್ಲಿ ಉಳಿದೆವು. ಮನೆಯೊಳಗಿನ ಮಾತು ಮಾತ್ರ ಅದೇ.

‘ಬಸ್ಸಿನ ಬೋರ್ಡು ತೆಲುಗು. ಕನ್ನಡ ಓದಿ ಏನು ಉಪಯೋಗ?’ ಅಂತ ಒಬ್ಬ ಅಕ್ಕ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹೇಳಿದೆ: ಗ, ನ, ಮ, ರ ನೋಡಿ. ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, ತಲೆಕಟ್ಟು ಬೇರೆ. ಕ, ತ ಇಂಥ ಕೆಲವನ್ನು ಹೊಸದಾಗಿ ಕಲಿಯಬೇಕು. ಮರುವಾರ ಆ ಅಕ್ಕ ಬೋರ್ಡಿನ ಮೇಲಿನ ‘ಮಂತ್ರಾಲಯಂ’ ಕೂಡಿಸಿ ಓದಿದರು.

ನನಗಿರೋ ಚಿಂತೆ ಬೇರೆ. ಕೋಸಿಗಿ ಕಡೆಯಿಂದ, ಆದೋನಿ ಕಡೆಯಿಂದ ನೀವು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗ್ತೀರಿ. ತಿಂಗಳುಗಟ್ಟಲೆ ಪುಸ್ತಕದ ಮುಖ ನೋಡೋದಿಲ್ಲ. ತಿರುಗಿ ಬಂದಾಗ ಒತ್ತಕ್ಷರ ಮರೆತಿರುತ್ತದೆ. ಈ ಸಲ ಗಂಟಿನಲ್ಲಿ ಒಂದು ತೆಳ್ಳನೆ ಪುಸ್ತಕ ಇಟ್ಟುಕೊಳ್ಳಿ. ಸರ್ವಜ್ಞನ ವಚನ ಆದರೂ ಸಾಕು. ಮೂರೇ ಸಾಲು. ದಣಿದು ಬಂದ ರಾತ್ರಿಯೂ ಒಂದು ಓದಬಹುದು. ಜೋರಾಗಿ ಓದಿ, ಪಕ್ಕದ ಗುಡಿಸಲಿನವರೂ ಕೇಳಲಿ.

ಪುಸ್ತಕಗಳು ಕೇಂದ್ರದ ಪೆಟ್ಟಿಗೆಯಲ್ಲಿವೆ. ಹೆಸರು ಬರೆದು ಒಯ್ಯಿರಿ. ಹೆಬ್ಬೆಟ್ಟು ಒತ್ತಬೇಡಿ, ಸಹಿ ಮಾಡಿ. ಯುಗಾದಿಗೆ ಊರಿಗೆ ಬಂದಾಗ ಯಾವುದು ಹಿಡಿಸಿತು, ಯಾವುದನ್ನು ಅರ್ಧಕ್ಕೆ ಬಿಟ್ಟಿರಿ ಅಂತ ನನಗೆ ಹೇಳಿ.